ಮೆರುಗಿಲ್ಲದ ಪಾರಿವಾಳ

ನನ್ನ ತಮ್ಮ ಅಮೃತೇಶನಿಗೆ ನಂಜನಗೂಡಿನಲ್ಲಿ ಒಬ್ಬಳು ಅಕ್ಕ ಇದ್ದಾಳೆ ಅನ್ನುವುದು ನೆನಪಾಗಲು ಸಬ್ ರಿಜಿಸ್ಟ್ರಾರ್ ಆಫೀಸು ಬೇಕಾಯಿತು. ಬನ್ನೂರು ರಸ್ತೆಯ ಎರಡು ಎಕರೆ ಗದ್ದೆಯನ್ನು ಮಾರಲು ಹೊರಟಿದ್ದನಂತೆ. ಅಪ್ಪನ ಕಾಲದ ಗದ್ದೆ. ಹೆಣ್ಣುಮಗಳು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕದೆ ಕೆಲಸ ಆಗುವುದಿಲ್ಲ ಅಂತ ಪತ್ರ ಬರೆಯುವವನು ಹೇಳಿದ ಸಂಜೆಯೇ ನನಗೆ ಫೋನು ಬಂತು. ಅವ್ವ ತೀರಿಕೊಂಡು ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಅದೇ ಮೊದಲ ಫೋನು.

“ಅಕ್ಕ, ಚೆನ್ನಾಗಿದ್ದೀಯಾ?” ಅಂದ.

“ಇನ್ನೂ ಸತ್ತಿಲ್ಲ. ಏನಾಗ್ಬೇಕಿತ್ತು ಹೇಳು.”

ಗದ್ದೆಯ ವಿಚಾರ ಹೇಳಿದ. ಸುತ್ತಿ ಬಳಸಿ ಹೇಳಿದ. ನಡುವೆ ಎರಡು ಸಲ ನಮ್ಮೆಜಮಾನರ ಆರೋಗ್ಯ ಕೇಳಿದ, ಒಂದು ಸಲ ನನ್ನ ಮಂಡಿನೋವು ಹೇಗಿದೆ ಅಂದ. ನನಗೆ ಮಂಡಿನೋವಿಲ್ಲ. ಮಂಡಿನೋವಿದ್ದದ್ದು ಅವ್ವನಿಗೆ.

“ಬರೋದ್ರಲ್ಲಿ ನಿಂಗೂ ಏನೋ ಒಂದು...” ಅಂತ ರಾಗ ಎಳೆದ.

“ನಿನ್ ದುಡ್ಡು ನೀನೇ ಇಟ್ಕೊ. ಸೀರೆನೂ ಬ್ಯಾಡ. ಅವ್ವನ ಪಾರಿವಾಳ ತಂದು ನನ್ ಕೈಗೆ ಕೊಡು. ಅದು ಬಂದ್ ಮೇಲೆ ಸಹಿ.”

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ, “ಚೈತ್ರನ್ ಕೇಳ್ಬೇಕು” ಅಂದ.

ಚೈತ್ರ ಅವನ ಹೆಂಡತಿ. ಐವತ್ತೆರಡು ವರ್ಷದ ಗಂಡಸು, ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟು ನಾಲ್ಕು ಊರಿನ ರೈತರನ್ನು ಗದರಿಸುವವನು, ನಮ್ಮವ್ವನ ಸಾಮಾನನ್ನು ನನಗೆ ಕೊಡಲು ಹೆಂಡತಿಯನ್ನು ಕೇಳಬೇಕಂತೆ. “ಕೇಳು, ಚೆನ್ನಾಗಿ ಕೇಳು. ಬೇಕಾದ್ರೆ ಅರ್ಜಿ ಬರ್ದು ಕೊಡು” ಅಂದು ಫೋನಿಟ್ಟೆ.

ನಮ್ಮೆಜಮಾನರು ಚಂದ್ರಶೇಖರ್, ದೇವನೂರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಪೇಪರಿನಿಂದ ತಲೆಯೆತ್ತಿ, “ಎರಡು ಎಕರೆ ಗದ್ದೆಗೆ ಒಂದು ಪಿಂಗಾಣಿ ಹಕ್ಕಿ. ಈ ಲೆಕ್ಕ ಯಾವ್ ಮೇಷ್ಟ್ರು ಹೇಳ್ಕೊಟ್ರು ನಿಂಗೆ?” ಅಂದರು.

“ನೀವಂತೂ ಅಲ್ಲ” ಅಂದೆ.

ನಾನು ಹಳೆಯ ಪಿಂಗಾಣಿ ಹಕ್ಕಿಗಳನ್ನು ಕೂಡಿಡುತ್ತೇನೆ. ನಮ್ಮ ಬೀದಿಯಲ್ಲಿ ಇದಕ್ಕೆ ಹುಚ್ಚು ಅನ್ನುತ್ತಾರೆ, ಅನ್ನಲಿ. ನಡುಮನೆಯ ಗಾಜಿನ ಬೀರುವಿನಲ್ಲಿ ನಲವತ್ತಮೂರು ಇವೆ. ಜರ್ಮನಿಯ ಮಿಂಚುಳ್ಳಿ, ಜಪಾನಿನ ಜೋಡಿ ಗುಬ್ಬಿ, ಇಂಗ್ಲೆಂಡಿನ ಕೆಂಪೆದೆಯ ಪುಟ್ಟ ಹಕ್ಕಿ, ಬಾಲ ಮುರಿದ ಒಂದು ಗಿಣಿ. ಒಂದು ಕಾಲದಲ್ಲಿ ಇವೆಲ್ಲ ಮೈಸೂರಿನ ಬಂಗಲೆಗಳಲ್ಲಿ, ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಇದ್ದಂಥವು. ಮನೆ ಕೆಡವಿದರು, ಗುಜರಿಗೆ ಬಂದವು. ಹಳೇ ಸಾಮಾನಿನ ಅಂಗಡಿಯವರು ನನ್ನನ್ನು ಕಂಡರೆ ಬೆಲೆ ಏರಿಸುತ್ತಾರೆ, ನಾನು ಅವರನ್ನು ಕಂಡರೆ ಧ್ವನಿ ಏರಿಸುತ್ತೇನೆ. ಚಿಕ್ಕಯ್ಯನಛತ್ರದ ಒಂದು ಮನೆಯಲ್ಲಿ ಆ ಮಿಂಚುಳ್ಳಿಯನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದರು. ಎರಡು ಹೊಸ ಸ್ಟೀಲ್ ಪಾತ್ರೆ ಕೊಟ್ಟು ಬಿಡಿಸಿಕೊಂಡು ಬಂದೆ.

ಹಕ್ಕಿ ಕೈಗೆ ಬಂದರೆ ಮೊದಲು ಬೋರಲು ಹಾಕಿ ನೋಡಬೇಕು. ಅಡಿಯಲ್ಲಿ ಮಾಡಿದವರ ಮುದ್ರೆ ಇರುತ್ತದೆ. ಸುಡುವಾಗ ಒಳಗಿನ ಬಿಸಿಗಾಳಿ ಹೋಗಲೆಂದು ಬಿಟ್ಟ ತೂತು ಇರುತ್ತದೆ. ಆಮೇಲೆ ಕೊಕ್ಕು, ಬಾಲ, ರೆಕ್ಕೆಯ ತುದಿಯನ್ನು ಮೆಲ್ಲಗೆ ಹಲ್ಲಿಗೆ ತಾಗಿಸಬೇಕು. ಪಿಂಗಾಣಿಯಾದರೆ ತಣ್ಣಗೆ ಟಕ್ ಅನ್ನುತ್ತದೆ. ಮುರಿದದ್ದನ್ನು ಅಂಟಿಸಿ ಬಣ್ಣ ಹಚ್ಚಿದ್ದರೆ ಹಲ್ಲಿಗೆ ಮೆತ್ತಗೆ ಸಿಗುತ್ತದೆ. ಕಣ್ಣು ಮೋಸ ಹೋಗುತ್ತದೆ, ಹಲ್ಲು ಹೋಗುವುದಿಲ್ಲ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ, ಮೋಸ ಹೋಗಿ ಹೋಗಿ ಕಲಿತೆ.

ನಿಜ ಹೇಳಬೇಕೆಂದರೆ ಈ ನಲವತ್ತಮೂರೂ ಬಂದದ್ದು ಆ ಒಂದು ಸಿಗಲಿಲ್ಲ ಅಂತ. ಅವ್ವನ ಅಪ್ಪ ಬನ್ನೂರಿನಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರು. ಮೈಸೂರಿನಲ್ಲಿ ಯಾರೋ ದೊರೆ ಬಂಗಲೆ ಖಾಲಿ ಮಾಡುವಾಗ ಆ ಪಾರಿವಾಳವನ್ನು ಮಗಳಿಗೆಂದು ತಂದಿದ್ದರು. ಮೆರುಗು ಹಾಕದ ಪಿಂಗಾಣಿ, ಅಚ್ಚ ಬಿಳಿ. ಹೊಳಪಿಲ್ಲ; ಮುಟ್ಟಿದರೆ ಪೌಡರ್ ಹಾಕಿದ ಮಗುವಿನ ಕೆನ್ನೆಯ ಹಾಗೆ ನವಿರು. ಕತ್ತು ತಿರುಗಿಸಿ ತನ್ನ ರೆಕ್ಕೆಯನ್ನೇ ಕೊಕ್ಕಿನಿಂದ ನೇವರಿಸಿಕೊಳ್ಳುತ್ತಿರುವ ಪಾರಿವಾಳ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಮಾತ್ರ ಅವ್ವ ಅದನ್ನು ನನ್ನ ಕೈಗೆ ಕೊಡುತ್ತಿದ್ದಳು. ಅದಕ್ಕೆಂದೇ ಎಷ್ಟು ಸುಳ್ಳು ಜ್ವರ ತರಿಸಿಕೊಂಡಿದ್ದೆನೋ. ಮದುವೆಯಾಗಿ ಹೊರಟಾಗ ಕೇಳಿದೆ. “ನಾನು ಓದ್ ಮ್ಯಾಕೆ ಅದು ನಿಂದೇ ಕಣವ್ವ” ಅಂದಳು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಕೂತಿದ್ದೇನೆ.

ನನಗೂ ಅಮೃತೇಶನಿಗೂ ಕೆಟ್ಟದ್ದು ಗದ್ದೆಯಿಂದಲ್ಲ, ಬಾಗಿನದಿಂದ. ಗೌರಿಹಬ್ಬಕ್ಕೆ ತವರಿನವರು ಮೊರದ ಬಾಗಿನ ಹೊತ್ತು ಮಗಳ ಮನೆ ಬಾಗಿಲಿಗೆ ಬರಬೇಕು. ಅಪ್ಪ ಇರುವ ತನಕ ಅಪ್ಪ ತಂದರು. ಅಪ್ಪ ಹೋದ ಮೇಲೆ ತಮ್ಮ. ಹದಿನೈದು ವರ್ಷದ ಹಿಂದೆ ಅವನಿಗೆ ಹಬ್ಬದ ದಿನವೇ ಅಂಗಡಿಗೆ ಯೂರಿಯಾ ಲೋಡು ಬಂದಿತ್ತಂತೆ. ಬಾಗಿನವನ್ನು ನಂಜನಗೂಡಿಗೆ ಬರುವ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಸ್ಟ್ಯಾಂಡಿಗೆ ಹೋಗಿ ಈಸಿಕೊ ಅಂತ ನನಗೆ ಫೋನು ಮಾಡಿದ. ಹೋದೆ. ಡ್ರೈವರನ ಸೀಟಿನ ಹಿಂದೆ, ಒಂದು ಸ್ಟೆಪ್ನಿ ಟೈರು ಮತ್ತು ಯಾರದೋ ಈರುಳ್ಳಿ ಮೂಟೆಯ ನಡುವೆ ನನ್ನ ಬಾಗಿನ ಕೂತಿತ್ತು. “ಲಗೇಜು ನಿಮ್ದಾ ಅಮ್ಮ?” ಅಂದ ಕಂಡಕ್ಟರು. ಅದೇ ಬಸ್ಸು ವಾಪಸ್ ಹೊರಡುವವರೆಗೆ ಅಲ್ಲೇ ನಿಂತಿದ್ದು, ಅದೇ ಕಂಡಕ್ಟರನ ಕೈಯಲ್ಲಿ ಅದನ್ನು ವಾಪಸ್ ಕಳಿಸಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವುದನ್ನು ಕೇಳಿದ್ದೆ; ಲಗೇಜು ಅಂತ ಅದುವರೆಗೆ ಯಾರೂ ಅಂದಿರಲಿಲ್ಲ.

ಮುಂದಿನ ವರ್ಷದಿಂದ ಬಾಗಿನ ಬರಲಿಲ್ಲ. ನಾನೂ ಆ ಹೊಸ್ತಿಲು ತುಳಿಯಲಿಲ್ಲ. ಅವ್ವನಿಗೆ ಮಂಡಿ ಹೋಗಿತ್ತು, ಬಸ್ ಹತ್ತಲು ಆಗುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು, ಚೈತ್ರ ನಂಬರ್ ಒತ್ತಿ ಅವಳ ಕಿವಿಗೆ ಹಿಡಿಯುತ್ತಿದ್ದಳು. “ಯಾವಾಗ್ ಬತ್ತೀಯವ್ವ?” ಅನ್ನುವಳು ಅವ್ವ. “ನಿನ್ ಮಗ ಬಂದು ಕರುದ್ರೆ ಬತ್ತೀನಿ” ಅನ್ನುವೆ ನಾನು. ಆರು ವರ್ಷ ಇದೇ ಮಾತು. ಅವನು ಬಂದು ಕರೆಯಲಿಲ್ಲ. ಅವ್ವ ಹೋದಳು ಅಂತ ಫೋನು ಮಾಡಿದ, ಆಗ ಹೋದೆ.

ಹನ್ನೊಂದನೆಯ ದಿನ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗ, “ಪಾರಿವಾಳ ಎಲ್ಲಿ? ಕದ್ದು ಮುಚ್ಚಿಟ್ಟಿರೋದನ್ನ ಈಚೆ ತೆಗಿ” ಅಂತ ಚೈತ್ರನನ್ನು ಕೇಳಿದೆ. ಹಾಗೆ ಕೇಳಬಾರದಿತ್ತು ಅಂತ ನಮ್ಮೆಜಮಾನರು ಇವತ್ತಿಗೂ ಹೇಳುತ್ತಾರೆ. ಅವಳು ಸಾರಿನ ಬಕೆಟ್ಟನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, “ಮನೆ ಸಾಮಾನು ಮನೇಲಿರ್ತದೆ ಅಕ್ಕ” ಅಂದಳು. ಆ ಸಮಾಧಾನ ನೋಡಿ ನನ್ನ ಮೈಯೆಲ್ಲ ಉರಿಯಿತು. ಎಲೆಯ ಮುಂದಿನಿಂದ ಎದ್ದು ಬಂದೆ.

ಈಗ ಗದ್ದೆ ಮಾರಬೇಕು ಅಂದಾಗ ಮನೆ ಸಾಮಾನು ಮನೆಯಿಂದ ಹೊರಟಿತು. ಫೋನು ಬಂದ ನಾಲ್ಕನೆಯ ದಿನ ಮಧ್ಯಾಹ್ನ ಚೈತ್ರ ಒಬ್ಬಳೇ ನಮ್ಮ ಮನೆಗೆ ಬಂದಳು. ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲೇ ನಡೆದು ಬಂದಿದ್ದಳು, ಕುತ್ತಿಗೆಯೆಲ್ಲ ಬೆವರು. ಕೈಯಲ್ಲೊಂದು ದೊಡ್ಡ ಸ್ಟೀಲ್ ಡಬ್ಬಿ. ನಾನು ಬಾ ಅನ್ನಲಿಲ್ಲ, ಬಾಗಿಲಿನಿಂದ ಪಕ್ಕಕ್ಕೆ ಸರಿದೆ ಅಷ್ಟೆ.

ಅವಳು ಬೀರುವಿನ ಮುಂದೆ ನಿಂತು, “ಇಷ್ಟೊಂದವೆ” ಅಂದಳು.

“ಎಣಿಸ್ಬೇಡ. ತಂದಿದ್ದನ್ನ ತೆಗಿ.”

ಡಬ್ಬಿಯ ತುಂಬ ಅಕ್ಕಿ. ದಾರಿಯಲ್ಲಿ ಒಡೆಯದಿರಲಿ ಅಂತ ಪಾರಿವಾಳವನ್ನು ಅಕ್ಕಿಯೊಳಗೆ ಹೂತುಕೊಂಡು ತಂದಿದ್ದಳು. ಎರಡೂ ಕೈ ಹಾಕಿ ಮೆಲ್ಲಗೆ ಎತ್ತಿ, ಕಾಳು ಉದುರಿಸಿ, ಮೇಜಿನ ಮೇಲಿಟ್ಟಳು. ಹಕ್ಕಿಯ ಎರಡು ಕೆನ್ನೆಗೂ ಅರಿಶಿನ. ಹಣೆಯ ನಡುವೆ ದುಂಡಗೆ ಕುಂಕುಮ. ಅದೂ ಒಂದು ದಿನದ್ದಲ್ಲ. ಒಂದರ ಮೇಲೊಂದು ಪದರ ಕೂತು ಹಳದಿ ಕಂದಾಗಿತ್ತು, ಕೆಂಪು ಕಪ್ಪಾಗಿತ್ತು. ಮೆರುಗಿದ್ದ ಪಿಂಗಾಣಿಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮೆರುಗಿಲ್ಲದ್ದು ಎಣ್ಣೆ, ಬೆವರು, ಬಣ್ಣ ಏನು ಸೋಕಿದರೂ ಕುಡಿದುಬಿಡುತ್ತದೆ. ನೂರು ವರ್ಷ ಬಿಳಿಯಾಗಿದ್ದ ಹಕ್ಕಿಯನ್ನು ಈ ಹೆಂಗಸು ಊರಬಾಗಿಲ ಕಲ್ಲು ಮಾಡಿಟ್ಟಿದ್ದಳು.

“ಏನಿದು?” ಅಂದೆ.

“ಅಕ್ಕ, ಒಸಿ ಕೇಳಿ. ಇದು ನಾನು...”

“ನೀನಲ್ದೆ ಇನ್ನೇನು ನಮ್ಮೆಜಮಾನ್ರು ಬಂದು ಬಳಿದ್ರಾ? ಗೇಟಿಗೆ, ಸ್ಕೂಟರಿಗೆ, ಮಿಕ್ಸಿಗೆ ಬಳೀತೀರಲ್ಲ ಆಯುಧಪೂಜೆ ದಿವಸ, ಹಂಗೇ ಇದಕ್ಕೂ ಬಳ್ದಿದ್ದೀಯ. ಒಂದ್ ದಿನ ಅಲ್ಲ, ವರ್ಷಗಟ್ಲೆ ಬಳ್ದಿದ್ದೀಯ. ನಂಗೆ ಪದರ ಕಾಣುತ್ತೆ ಕಣೆ. ಇದು ಏನು, ಎಷ್ಟು ಹಳೇದು, ಇದರ ಯೋಗ್ಯತೆ ಏನು ಅಂತ ನಿಂಗೆ ಗೊತ್ತಾ?”

“ನನ್ ಮಾತು ಪೂರ್ತಿ ಕೇಳಿ...”

“ಒಂಬತ್ತು ವರ್ಷದ ಹಿಂದೆ ಹೇಳಿದ್ಯಲ್ಲ ಒಂದು ಮಾತು, ಅದು ಸಾಕು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.”

ನಾನು ಪಾರಿವಾಳವನ್ನು ಬೋರಲು ಹಾಕಿ ಮುದ್ರೆ ನೋಡಿದೆ, ತೂತು ನೋಡಿದೆ. ಕೊಕ್ಕನ್ನೂ ಬಾಲವನ್ನೂ ಹಲ್ಲಿಗೆ ತಾಗಿಸಿ ನೋಡಿದೆ. ಎಲ್ಲೂ ಮುರಿದಿರಲಿಲ್ಲ.

“ಎಂಜ್ಲು ಮಾಡ್ಬ್ಯಾಡಿ ಅಕ್ಕ” ಅಂದಳು ಮೆಲ್ಲಗೆ.

“ಪಿಂಗಾಣಿಗೆ ಎಂಜ್ಲಿಲ್ಲ. ಮುತ್ತೈದೆ ಹಂಗೆ ಅರಿಶಿಣ ಕುಂಕುಮನೂ ಬೇಕಾಗಿಲ್ಲ. ಅಕ್ಕಿ ತಗೊಂಡ್ ಹೋಗು, ನಮ್ಮನೇಲಿ ಬರ ಬಂದಿಲ್ಲ.”

ಡಬ್ಬಿಯ ಮುಚ್ಚಳ ಹಾಕಿ ಅವಳ ಕಡೆ ತಳ್ಳಿದೆ. ಅವಳು ಡಬ್ಬಿ ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿದಳು. ಅವಳ ಮುಖದಲ್ಲಿ ಬರುವಾಗ ಇದ್ದದ್ದು ಏನೋ ಈಗ ಇರಲಿಲ್ಲ.

“ಅದನ್ನ ತೊಳೀಬ್ಯಾಡಿ. ಅಂಗೇ ಮಡೀಕಳಿ” ಅಂದಳು.

“ಹಕ್ಕಿ ವಿಚಾರ ನಂಗೆ ನೀನು ಹೇಳ್ಕೊಡ್ಬೇಡ.”

“ಸರಿ. ಏಳೋದ್ ಏಳಿವ್ನಿ.” ಚಪ್ಪಲಿ ಮೆಟ್ಟಿಕೊಂಡು ಹೋದಳು.

ನಮ್ಮೆಜಮಾನರು ಕೋಣೆಯಿಂದ ಈಚೆ ಬಂದು, “ನೀರಾದ್ರೂ ಕೊಟ್ಯಾ? ಮನೆಗೆ ಬಂದ ಹೆಣ್ಮಗಳನ್ನ ಕುಂಕುಮ ಕೊಡ್ದೆ ಕಳಿಸ್ತಾರಾ?” ಅಂದರು.

“ಅವಳತ್ರ ಬೇಕಾದಷ್ಟಿದೆ” ಅಂದೆ.

ಮಾರನೆಯ ಬೆಳಿಗ್ಗೆಯೇ ಕೆಲಸ ಶುರು ಮಾಡಿದೆ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ, ಮೆಡಿಕಲ್ ಸ್ಟೋರಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಆರು ಬಾಟಲಿ. ಒಂದು ದಿನ ನೀರಿನಲ್ಲಿ ನೆನೆಸಿಟ್ಟೆ. ಆಮೇಲೆ ಪೆರಾಕ್ಸೈಡಿನಲ್ಲಿ ಅದ್ದಿದ ಹತ್ತಿಯನ್ನು ಕೆನ್ನೆಗೂ ಹಣೆಗೂ ಒತ್ತಿ, ಪ್ಲಾಸ್ಟಿಕ್ ಸುತ್ತಿ, ಟೆರೇಸಿನ ಬಿಸಿಲಿಗಿಟ್ಟೆ. ದಿನಕ್ಕೆ ಎರಡು ಸಲ ಹತ್ತಿ ಬದಲಾಯಿಸಬೇಕು. ಕೈಗೆ ಗ್ಲೌಸು ಹಾಕಿದರೆ ಹಿಡಿತ ಸಿಗುವುದಿಲ್ಲ, ಬರಿಗೈಯಲ್ಲೇ ಮಾಡಿದೆ. ಬೆರಳ ತುದಿಗಳು ಬೆಳ್ಳಗಾಗಿ ಚುರುಗುಟ್ಟುತ್ತಿದ್ದವು. ತೆಗೆದ ಹತ್ತಿ ಪ್ರತಿ ಸಲವೂ ಹಳದಿಯಾಗಿ ಬರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಚೈತ್ರನ ಕೈಯಿಂದ ಒಂದೊಂದು ಬೆರಳನ್ನು ಬಿಡಿಸಿದಷ್ಟು ಸಂತೋಷವಾಗುತ್ತಿತ್ತು ನನಗೆ.

ಮೇಲಿನ ಪದರ ಎರಡು ದಿನದಲ್ಲಿ ಹೋಯಿತು. ಕೆಳಗಿನದು ಹಟಮಾರಿ. ಐದನೆಯ ದಿನ ನಮ್ಮೆಜಮಾನರು ಟೆರೇಸಿಗೆ ಬಂದು, ಕನ್ನಡಕ ಹಣೆಗೇರಿಸಿ, ಪಾರಿವಾಳವನ್ನು ತುಂಬ ಹೊತ್ತು ನೋಡಿದರು.

“ಗೌರಿ, ಒಂದು ವಿಚಾರ. ಮಿಕ್ಸಿಗೆ ಬಳಿಯೋರು ಹೀಗೆ ಬಳೀತಾರಾ? ಎರಡು ಕೆನ್ನೆಗೂ ಸಮವಾಗಿ ಅರಿಶಿಣ, ಹಣೆಗೆ ಸರಿಯಾಗಿ ನಡೂಮಧ್ಯ ಬೊಟ್ಟು. ಇದು ಯಾರೋ ಪುರುಸೊತ್ತಾಗಿ ಕೂತು ಮಾಡಿರೋದು. ಒಂದ್ ಸಲ ಚೈತ್ರನಿಗೆ ಫೋನ್ ಮಾಡಿ ಕೇಳು.”

“ಕೇಳಿ ಅವಳಿಂದ ಪಾಠ ಹೇಳಿಸ್ಕೋಬೇಕಾ? ನೀವು ಕೆಳಗೆ ಹೋಗಿ ಪೇಪರ್ ಓದಿ.”

ಅವರು ಹೋದರು. ಮೂವತ್ತೈದು ವರ್ಷದಿಂದ ಅವರು ಹೀಗೇ ಹೋಗುತ್ತಾರೆ. ಒಂದು ಸಲವಾದರೂ ನಿಂತು ಜಗಳವಾಡಿದ್ದರೆ ನನಗೆ ಒಳ್ಳೆಯದಾಗುತ್ತಿತ್ತೋ ಏನೋ.

ಕೊನೆಗೆ ಉಳಿದದ್ದು ಹಣೆಯ ಮೇಲಿನ ಒಂದು ಚುಕ್ಕೆ, ಸಾಸಿವೆ ಕಾಳಿನಷ್ಟು. ಅದಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಕಡ್ಡಿಗೆ ಹತ್ತಿ ಸುತ್ತಿ, ಉಸಿರು ಬಿಗಿಹಿಡಿದು, ಸುತ್ತಿ ಸುತ್ತಿ ತೆಗೆದೆ. ಒಂಬತ್ತನೆಯ ದಿನ ಪಾರಿವಾಳ ಅಚ್ಚ ಬಿಳಿಯಾಗಿ, ನಾನು ಜ್ವರದಲ್ಲಿ ಮಲಗಿ ಹಿಡಿದುಕೊಳ್ಳುತ್ತಿದ್ದ ಹಾಗೆಯೇ ಕೈಗೆ ಬಂತು. ಬೀರುವಿನ ನಡುವಿನ ಹಲಗೆ ಖಾಲಿ ಮಾಡಿ ಅದೊಂದನ್ನೇ ಇಟ್ಟೆ. ಎದುರಿಗೆ ಕೂತು ನೋಡಿದೆ. ಅಳು ಬಂತು, ಅತ್ತೆ. ಅವ್ವ ಕೊನೆಗೂ ಮಾತು ಉಳಿಸಿಕೊಂಡಳು ಅನ್ನಿಸಿತು. ಕಾಫಿ ಆರಿಹೋದದ್ದು ಗೊತ್ತಾಗಲಿಲ್ಲ.

ಸಹಿಯ ದಿನ ಬಂತು. ನಾವಿಬ್ಬರೂ ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆವು. ಪಾರಿವಾಳವನ್ನು ಟವೆಲ್ಲಿನಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ತೊಡೆಯ ಮೇಲೆ ಇಟ್ಟುಕೊಂಡಿದ್ದೆ. “ಅದ್ಯಾಕೆ ತರ್ತೀಯ” ಅಂತ ನಮ್ಮೆಜಮಾನರು ಮೂರು ಸಲ ಕೇಳಿದರು. ಯಾಕೆ ಅಂದರೆ ಚೈತ್ರನ ಮೂಗಿನ ಕೆಳಗೆ ಹಿಡಿಯಲು. ಬೇರೆ ಕಾರಣವಿರಲಿಲ್ಲ, ಇತ್ತು ಅಂತ ಸುಳ್ಳು ಹೇಳುವುದಿಲ್ಲ.

ರಿಜಿಸ್ಟ್ರಾರ್ ಆಫೀಸಿನ ಮುಂದೆ ಜೆರಾಕ್ಸ್ ಅಂಗಡಿಯ ಜಗಲಿಯ ಮೇಲೆ ಅಮೃತೇಶನೂ ಚೈತ್ರನೂ ಕಾದಿದ್ದರು. ಅವನ ತಲೆ ಪೂರ್ತಿ ನರೆತಿತ್ತು. ಚೈತ್ರ ಒಂದು ತಟ್ಟೆ ಜೋಡಿಸಿಕೊಂಡು ಬಂದಿದ್ದಳು: ಹಸಿರು ಸೀರೆ, ಹೂವು, ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮದ ಬಟ್ಟಲು. ಹಕ್ಕು ಬಿಟ್ಟುಕೊಡುವ ಮನೆಮಗಳಿಗೆ ಕೊಡುವುದು. ನಾನು ಬೇಡ ಅಂದಿದ್ದರೂ ತಂದಿದ್ದಳು.

“ಅಕ್ಕ, ಕಾಫಿ?” ಅಂದ ಅಮೃತೇಶ.

ಜಗಲಿಯ ಮೇಲೆ ಟವೆಲ್ಲು ಬಿಚ್ಚಿ ಪಾರಿವಾಳವನ್ನು ಚೈತ್ರನ ಮುಂದೆ ನಿಲ್ಲಿಸಿದೆ.

“ನೋಡು. ನೀನು ಒಂಬತ್ತು ವರ್ಷ ಮಾಡಿದ ಗಲೀಜನ್ನ ಒಂಬತ್ತು ದಿವಸದಲ್ಲಿ ತೆಗ್ದಿದ್ದೀನಿ.”

ಅವಳು ಬಗ್ಗಿ ನೋಡಿದಳು. ಬೆರಳು ಹಕ್ಕಿಯ ಹಣೆಯ ಹತ್ತಿರ ಹೋಯಿತು, ಮುಟ್ಟಲಿಲ್ಲ.

“ಒಂಚೂರೂ ಬುಡ್ಲಿಲ್ವಾ?” ಅಂದಳು.

“ಒಂಚೂರೂ ಬಿಡ್ಲಿಲ್ಲ.”

ಅವಳು ಕೈಯಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಧ್ವನಿ ಏರಿಸಲಿಲ್ಲ.

“ಅದು ನಾನಿಟ್ಟಿದ್ದಲ್ಲ. ನಿಮ್ಮವ್ವ ಇಟ್ಟಿದ್ದು. ನೀವು ಬಾಗ್ನ ಬಸ್ಸಲ್ಲಿ ವಾಪಸ್ ಕಳಿಸುದ್ರಲ್ಲ, ಆ ಗೌರಿಹಬ್ಬದ ಸಾಯಂಕಾಲ ಮೊದ್ಲು ಇಟ್ರು. ಗಂಡ ಸತ್ತೋರ್ ಕೈ ಕುಂಕುಮ ಅಂತ ನಂಗೂ ಇಡ್ತಿರ್ಲಿಲ್ಲ, ನನ್ ಮಗೀಗೂ ಇಡ್ತಿರ್ಲಿಲ್ಲ. ಶುಕ್ರುವಾರ ಶುಕ್ರುವಾರ ಮಿಂದು, ಈಬೂತಿ ಧರಿಸ್ಕಂಡು, ಈ ಪಾರಿವಾಳನ ತೊಡೆ ಮ್ಯಾಗೆ ಕೂರಿಸ್ಕಂಡು ಕೆನ್ನೆಗೆ ಅರಿಸ್ಣ ಅಚ್ಚೋರು, ಅಣೆಗೆ ಬೊಟ್ಟಿಡೋರು. ‘ಗೌರಿ ಬಂದವ್ಳೆ, ಬರಿ ಅಣೇಲಿ ಕಳುಸ್ಬಾರ್ದು’ ಅನ್ನೋರು. ಆರು ವರ್ಷ. ಪ್ರಾಣ ಬುಟ್ಟಿದ್ದು ಭಾನ್ವಾರ. ಅದ್ಕೆ ಮುಂಚಿನ್ ಶುಕ್ರುವಾರಾನೂ ನನ್ ಕೈ ಇಡ್ಕಂಡು ಎದ್ ಕೂತು ಇಟ್ರು.”

ಜೆರಾಕ್ಸ್ ಯಂತ್ರ ಒಳಗೆ ಓಡುತ್ತಲೇ ಇತ್ತು. ಅಮೃತೇಶ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ನಾನು ಕೋಪಕ್ಕಾಗಿ ಹುಡುಕಿದೆ. ಯಾವಾಗಲೂ ಕರೆದ ತಕ್ಷಣ ಬರುವಂಥದ್ದು, ಆವತ್ತು ಬರಲಿಲ್ಲ. ಬಂದದ್ದು ಸಣ್ಣ ಮಾತು.

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಏಳಕ್ಕೆ ಬುಟ್ರಾ? ಸಾವಿನ್ ಮನೇಲಿ ಎಲ್ರ ಮುಂದೆ ಕಳ್ಳಿ ಅಂದ್ರಿ. ನಿಮ್ಮನೇಗ್ ಬಂದ್ರೆ ಕತ್ತೆ ಅಂದ್ರಿ. ತೊಳೀಬ್ಯಾಡಿ ಅಂತ ಬಾಯ್ಬಿಟ್ಟು ಏಳ್ದೆ. ಅವ್ರು ಓದ್ ಮ್ಯಾಕೆ ಒಂದಿನಾನೂ ನಾನು ಅದನ್ನ ಮುಟ್ಲಿಲ್ಲ. ಬಿಸ್ಲು ಬಿದ್ರೆ ಅರಿಸ್ಣ ಮಾಸ್ತದೆ ಅಂತ ಅವ್ರ ಸೀರೇಲಿ ಸುತ್ತಿ ಬೀರೂಲಿ ಮಡಗಿದ್ದೆ. ನಿಮ್ಗೆ ಕೊಡ್ಬಾರ್ದು ಅಂತಾನೇ ಮಡಗಿದ್ದೆ, ಅದೂ ನಿಜ. ಆರು ವರ್ಷ ಅವ್ರು ನಿಮ್ ದಾರಿ ನೋಡಿದ್ದು ನಾನ್ ನೋಡಿವ್ನಿ. ಆದ್ರೆ ಅದನ್ನ ಅಳಿಸ್ಬೇಕು ಅಂತ ನಂಗೆ ಯಾವತ್ತೂ ಅನ್ನುಸ್ಲಿಲ್ಲ.”

ನಮ್ಮೆಜಮಾನರು ನನ್ನ ಭುಜ ಹಿಡಿದರು. ನಾನು ಅವರ ಕೈ ತೆಗೆದೆ. ಒಂಬತ್ತು ದಿನ ಟೆರೇಸಿನ ಮೇಲೆ ನಾನು ಎಸೆದ ಹತ್ತಿ ಎಲ್ಲಿ ಹೋಯಿತು ಅಂತ ಯೋಚಿಸಿದೆ. ಪುರಸಭೆಯ ಕಸದ ಗಾಡಿಗೆ ನಾನೇ ಹಾಕಿದ್ದೆ, ದಿನಾ ಬೆಳಿಗ್ಗೆ.

“ಮಂಗಳಗೌರಿ ಯಾರ್ರೀ?” ಅಂತ ಒಳಗಿನಿಂದ ಕೂಗಿದರು.

ಹೋಗಿ ಕ್ಯಾಮೆರಾದ ಮುಂದೆ ಕೂತೆ. ಫೋಟೊ ತೆಗೆದರು. ಹೆಬ್ಬೆಟ್ಟು ಒತ್ತಿ ಅಂದರು, ಒತ್ತಿದೆ. ಯಂತ್ರ ತಗೊಳ್ಳಲಿಲ್ಲ. ಕಂಪ್ಯೂಟರಿನ ಹುಡುಗಿ ನನ್ನ ಬೆರಳು ಹಿಡಿದು ನೋಡಿ, “ಏನಮ್ಮ, ಚರ್ಮ ಎಲ್ಲ ಸುಟ್ಟೋಗಿದೆ?” ಅಂದಳು. ಒಂದೊಂದಾಗಿ ಎಲ್ಲ ಬೆರಳನ್ನೂ ಒತ್ತಿಸಿದಳು. ಎಡಗೈಯ ಕಿರುಬೆರಳು ಮಾತ್ರ ಸಿಕ್ಕಿತು. ಮೂರು ಕಡೆ ಸಹಿ ಹಾಕಿದೆ. ಏನು ಬರೆದಿದೆ ಅಂತ ಓದಲಿಲ್ಲ.

ಈಚೆ ಬಂದಾಗ ಚೈತ್ರ ಮತ್ತೆ ತಟ್ಟೆ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು. ಕೊಡುವುದನ್ನು ಕೊಟ್ಟು ಮುಗಿಸುವ ಮುಖ. ನಾನು ತಟ್ಟೆ ತಗೊಳ್ಳಲಿಲ್ಲ. ಪಾರಿವಾಳವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದೆ.

“ಚೈತ್ರ, ನಂಗೇನೂ ಬ್ಯಾಡ. ಇದಕ್ಕೊಂದು ಬೊಟ್ಟು ಇಡು. ಅವ್ವ ಇಡ್ತಿದ್ದ ಜಾಗ ನಿಂಗೆ ಗೊತ್ತು.”

ನನ್ನ ಜನ್ಮದಲ್ಲಿ ನಾನು ಯಾರ ಮುಂದೆಯೂ ಹಾಗೆ ಬೇಡಿಕೊಂಡಿರಲಿಲ್ಲ. ಅವಳು ಪಾರಿವಾಳ ನೋಡಿದಳು, ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು, ಆದರೆ ಕುಂಕುಮದ ಬಟ್ಟಲಿಗೆ ಕೈ ಹೋಗಲಿಲ್ಲ.

“ಜಾಗ ಗೊತ್ತು” ಅಂದಳು. “ಆದ್ರೆ ನಾನಿಟ್ರೆ ಅದು ನನ್ ಕುಂಕುಮ ಆಯ್ತದೆ ಅಕ್ಕ. ನಿಮ್ಮವ್ವಂದಾಗಲ್ಲ.”

ತಟ್ಟೆಯನ್ನು ನಮ್ಮೆಜಮಾನರ ಕೈಗೆ ಕೊಟ್ಟು ಅವಳು ಮೆಟ್ಟಿಲಿಳಿದಳು. ಅಮೃತೇಶ ಕಾರಿನ ಬಾಗಿಲು ತೆಗೆದು ನಿಂತಿದ್ದ. ಅವಳು ಹತ್ತಿದಳು, ಕಾರು ಹೊರಟಿತು. ನಾನು ಪಾರಿವಾಳ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನಮ್ಮೆಜಮಾನರು ಬಸ್ಸಿಗೆ ಹೊತ್ತಾಯಿತು ಅಂದರು.